ಐದು ಹೊತ್ತು ನಿಂತುಹೋಗುವ ಕಂಪ್ಯೂಟರ್

ಗಂಡ ಸತ್ತಾಗ ಘಾಲಿಯಾ ಅಳಲಿಲ್ಲ. ಮೊದಲ ದಿನ ಬಂದ ಹೆಂಗಸರು ಅದನ್ನು ಗಟ್ಟಿತನ ಎಂದರು. ಮೂರನೆಯ ದಿನ, ಪಾಪ, ಇನ್ನೂ ಅರಿವಿಗೆ ಬಂದಿಲ್ಲ ಎಂದರು. ತಿಂಗಳು ಕಳೆದ ಮೇಲೆ ಖರ್ಜೂರದ ತಟ್ಟೆಯ ಸುತ್ತ ಕೂತು, ದನಿ ತಗ್ಗಿಸಿ, ಬೇರೆ ಏನೇನೋ ಅಂದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಅರಬ್ ಕಡಲ ದಂಡೆಯ ಈ ಸೂರ್ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಘಾಲಿಯಾಗೆ ಅದೂ ತಟ್ಟಲಿಲ್ಲ. ಅನ್ನ ಬೇಯಿಸಿದಳು, ಉಂಡಳು, ಪಾತ್ರೆ ತೊಳೆದಳು. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು.

ಅವಳು ಹುಟ್ಟಿದ್ದು ಹಿನ್ನೀರಿನ ಆಚೆ ದಡದಲ್ಲಿ, ಮರದ ಹಡಗುಗಳ ಹಲಗೆ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕುತ್ತಿದ್ದವನ ಮನೆಯಲ್ಲಿ. ಇಪ್ಪತ್ತಕ್ಕೆ ಈಚೆ ದಡದ ಖಲ್ಫಾನನಿಗೆ ಕೊಟ್ಟರು. ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದು ಮಗಳು ಅಸೀಲಾ. ಈಗ ಹತ್ತೊಂಬತ್ತು, ಕಾಲೇಜಿನ ಎರಡನೆಯ ವರ್ಷ. ಖಲ್ಫಾನ್ ಕುಡಿಯುವ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ನೀರು ತುಂಬಿಸಿಕೊಂಡು ಹೊರಟವನು ರಸ್ತೆಯ ಪಕ್ಕಕ್ಕೆ ಗಾಡಿ ಒತ್ತಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೂತಲ್ಲೇ ಹೋಗಿಬಿಟ್ಟ. ಸಾಯುವಾಗಲೂ ಬ್ರೇಕ್ ಮರೆಯಲಿಲ್ಲ ನೋಡಿ ಎಂದು ಊರು ಹೊಗಳಿತು. ಊರಿಗೇನು ಗೊತ್ತು, ಬ್ರೇಕ್ ಒಂದನ್ನು ಬಿಟ್ಟರೆ ಆ ಮನುಷ್ಯ ಉಳಿದದ್ದನ್ನೆಲ್ಲ ಮರೆಯುತ್ತಿದ್ದ.

ಗಂಡ ಹೆಂಡಿರ ನಡುವೆ ದೊಡ್ಡ ಜಗಳ ಒಂದೂ ಆಗಿರಲಿಲ್ಲ. ಸಣ್ಣ ಜಗಳ ಇದ್ದದ್ದು ಒಂದೇ, ಅದು ಇಪ್ಪತ್ತಾರು ವರ್ಷ ನಡೆಯಿತು. ಮೀನು ಸಾರಿಗೆ ಅವಳಿಗೆ ಕರಿ ಬಣ್ಣದ ಒಣನಿಂಬೆ ಬೇಕು. ಅವನು ತರುತ್ತಿದ್ದದ್ದು ಕಂದು. ಹೊರಡುವಾಗ ಹೇಳಿ ಕಳಿಸಿದರೂ ಕಂದು, ಬಾಗಿಲವರೆಗೂ ಹೋಗಿ ಕೂಗಿ ಹೇಳಿದರೂ ಕಂದು. "ನಿನ್ ತಲೇಲಿ ನೀರು ಬಿಟ್ರೆ ಇನ್ನೇನೂ ಇಲ್ವಾ?" ಎಂದು ಅವಳು ಚೀಲ ಕುಕ್ಕುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು, "ಅಂಗಡಿಯೋನು ಅದನ್ನೇ ಕೊಟ್ಟ ಕಣೇ" ಎನ್ನುತ್ತಿದ್ದ. ಯಾವ ಮಾತಿಗೂ ಮೊದಲು ಹೀಗೆ ಗಂಟಲು ಸರಿಮಾಡಿಕೊಳ್ಳುವುದು ಅವನ ಚಾಳಿ. ಓಣಿಯ ತುದಿಯಲ್ಲಿ ಆ ಸದ್ದು ಕೇಳಿದರೆ ಅಕ್ಕಪಕ್ಕದವರೂ "ಖಲ್ಫಾನ್ ಬಂದ" ಎನ್ನುತ್ತಿದ್ದರು.

ಗಂಡ ಸತ್ತವಳು ಹಿಡಿಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಘಾಲಿಯಾ ಹೊಸ್ತಿಲು ದಾಟುವಂತಿರಲಿಲ್ಲ, ಪರಗಂಡಸಿನ ಎದುರು ಕೂರುವಂತಿರಲಿಲ್ಲ. ಅದರ ಮೂರನೆಯ ತಿಂಗಳಲ್ಲಿ, ಅಕ್ಕಿ ಆರಿಸುತ್ತ ಕೂತವಳಿಗೆ ಒಂದು ವಿಷಯ ಗೊತ್ತಾಯಿತು. ಗಂಡನ ದನಿ ನೆನಪಿಗೆ ಬರುತ್ತಿಲ್ಲ. ಮುಖ ಬರುತ್ತದೆ, ಕುಳಿತ ಭಂಗಿ ಬರುತ್ತದೆ, ಗಂಟಲು ಸರಿಮಾಡಿಕೊಳ್ಳುತ್ತಿದ್ದ ಎಂಬುದೂ ಗೊತ್ತು, ಆದರೆ ಆ ಸದ್ದು ಹೇಗಿತ್ತು ಎಂದರೆ ಕಿವಿಯಲ್ಲಿ ಏನೂ ಇಲ್ಲ. ಅವಳು ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಮತ್ತೆ ಅಕ್ಕಿ ಆರಿಸಿದಳು. ಅವತ್ತಿನಿಂದ ಬೇರೆ ಯಾವುದೂ ಅವಳಿಗೆ ಬೇಕಿರಲಿಲ್ಲ. ಆ ದನಿ ಒಮ್ಮೆ ಕೇಳಿದರೆ ಸಾಕು ಎನ್ನುವುದೊಂದು ಬಿಟ್ಟು.

ಮನೆಯಲ್ಲಿ ಅವನದು ಅಂತ ಏನೂ ಉಳಿದಿರಲಿಲ್ಲ. ಸತ್ತವರ ವಸ್ತುಗಳನ್ನು ಬಡವರಿಗೆ ಕೊಟ್ಟರೆ ಪುಣ್ಯ ಸತ್ತವರಿಗೆ ಮುಟ್ಟುತ್ತದೆ. ಹಾಗಾಗಿ ನಾಲ್ಕನೆಯ ದಿನವೇ ಮೈದುನ ಹುಮೈದ್ ಬಂದು ಅಂಗಿ, ಚಪ್ಪಲಿ, ಶಾಲು ಎಲ್ಲ ಗಂಟು ಕಟ್ಟಿ ಹಂಚಿದ್ದ. ಫೋನನ್ನು ಎದುರಿನ ಮಸೀದಿ ಗುಡಿಸುವ ಬಾಂಗ್ಲಾದ ಮೊತಾಲೇಬನಿಗೆ ಕೊಟ್ಟ. ಕೊಡುವ ಮುಂಚೆ ಜಾಣನಂತೆ ಒಳಗೆಲ್ಲ ತಡಕಿ, ಮನೆಯ ಹೆಂಗಸರ ಫೋಟೋ ಒಂದೂ ಇಲ್ಲ, ಬರೀ ಟ್ಯಾಂಕರು, ಕೊಳಾಯಿ, ಸೋರುವ ಪೈಪು ಎಂದು ಖಾತ್ರಿ ಮಾಡಿಕೊಂಡ. ಸಿಮ್ ತೆಗೆದ. ಸಿಮ್ ತೆಗೆದರೆ ಫೋನು ಖಾಲಿ ಎಂದು ನಂಬುವವರ ಪೈಕಿ ಅವನು. "ಕೊಡಲಾ ಅತ್ತಿಗೆ?" ಎಂದು ಕೇಳಿದಾಗ ಘಾಲಿಯಾ ತಲೆಯಾಡಿಸಿದ್ದಳು. ಆ ದಿನ ಮನೆ ಕೊಡಲಾ ಎಂದಿದ್ದರೂ ಆಡಿಸುತ್ತಿದ್ದಳೇನೋ.

ಆಗಿನಿಂದಲೇ ಮನೆಯ ಕಂಪ್ಯೂಟರ್ ಕೆಟ್ಟಿತು. ಅಸೀಲಾಳ ಓದಿಗೆಂದು ತಂದದ್ದು ಅದು. ಸುಮ್ಮನೆ ಕೆಟ್ಟಿದ್ದರೆ ಒಂದು ಮಾತು. ಇದು ಹೊತ್ತು ನೋಡಿಕೊಂಡು ಕೆಡುತ್ತಿತ್ತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತಿತ್ತು, ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವುದರೊಳಗೆ ಕಾಫಿ ಕುಡಿದು ಬರಬಹುದು. ಮುಕ್ಕಾಲು ಗಂಟೆ ಕಳೆದರೆ ಏನೂ ಆಗದ ಹಾಗೆ ಮತ್ತೆ ಸರಿ. ದಿನಕ್ಕೆ ಐದು ಸಲ. ಐದೂ ನಮಾಜಿನ ಹೊತ್ತಿಗೇ.

ಪಕ್ಕದ ಮನೆಯ ಝುವೈನಾಗೆ ಇಷ್ಟು ಸಾಕಾಯಿತು. "ಖಲ್ಫಾನೇ ಕಣೇ. ನಮಾಜು ಮುಗ್ಸಿ ಬಂದು ಅದರ ಮುಂದೆ ಕೂರ್ತಿದ್ನಲ್ಲ? ಈಗ್ಲೂ ಬರ್ತಾನೆ. ನಿನಗೇನೂ ಅನ್ಸಲ್ವಾ?"

"ಇಲ್ಲ" ಎಂದಳು ಘಾಲಿಯಾ. ನಿಜವಾಗಿಯೂ ಅನಿಸಿರಲಿಲ್ಲ. ಬಂದರೆ ಬರಲಿ, ಮಾತಾಡದೆ ಹೋಗುವುದಾದರೆ ಬಂದು ಏನು ಉಪಯೋಗ.

ಅಸೀಲಾ ಮಾತ್ರ ತನಗೆ ತಿಳಿದ ಮದ್ದೆಲ್ಲ ಮಾಡಿದಳು. ವೈರಸ್ ಹುಡುಕಿಸಿದಳು. ಆಟಗಳನ್ನು ಕಿತ್ತು ಹಾಕಿದಳು. ಅಪ್ಪನ ಫೋಟೋಗಳ ನಡುವೆ ಯಾರದೋ ಎಳೆಗೂಸಿನ ಫೋಟೋ ಹತ್ತೊಂಬತ್ತು ಬಂದು ಕೂತಿದ್ದವು. ಇವೇ ವೈರಸ್ಸು ಹೊತ್ತು ತಂದವು ಎಂದು ಎಲ್ಲವನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತೇ ಹೊರತು ಕಂಪ್ಯೂಟರ್ ಅಲ್ಲಾಡಲಿಲ್ಲ. ಕಾಲೇಜಿಗೆ ಒಪ್ಪಿಸುವ ಕೆಲಸ ತಲೆಯ ಮೇಲಿತ್ತು. ಇದ್ದತ್ತಿನ ಮನೆಗೆ ಅಂಗಡಿಯ ಗಂಡಸರನ್ನು ಕರೆಸುವುದು ಚೆನ್ನಾಗಿರುವುದಿಲ್ಲ. ಹಾಗಾಗಿ ರಯ್ಯಾಳನ್ನು ಕರೆಸಿದರು.

ಸೂರ್‌ನಲ್ಲಿ ಹೆಂಗಸರಿರುವ ಮನೆಗಳ ಕಂಪ್ಯೂಟರ್ ಎಲ್ಲ ರಯ್ಯಾಳ ಕೈಯಲ್ಲೇ ಇರುವುದು. ನಲವತ್ತು ದಾಟಿದ ಗಟ್ಟಿ ಹೆಂಗಸು, ಕೈಚೀಲದಲ್ಲಿ ಸ್ಕ್ರೂಡ್ರೈವರ್ ಜೊತೆ ಏಲಕ್ಕಿ, ಬಾಯಿ ಮಾತ್ರ ಸಂತೆಯದು. ಮಧ್ಯಾಹ್ನದ ಊಟ ಮುಗಿಸಿ ಬಂದವಳು ಕಾಫಿ ಬಟ್ಟಲು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು.

"ಭೂತ ಅಂದೋರು ಯಾರು? ಝುವೈನಾನಾ? ಆಯಮ್ಮ ಇಲಿ ಅಂದ್ರೆ ಹುಲಿ ಅನ್ನೋಳು. ಭೂತಕ್ಕೆ ಕಂಪ್ಯೂಟರ್ ಯಾಕೆ ಬೇಕು, ಗೋಡೆ ಸಾಲ್ದಾ?"

ಅವಳು ಪರದೆಯ ಮೂಲೆಯಲ್ಲಿದ್ದ ಒಂದು ಸಣ್ಣ ಗುರುತನ್ನು ಒತ್ತಿದಳು. "ಇದು ಯಾರು ಹಾಕಿದ್ದು?"

"ನಾನೇ ಖಾಲಾ" ಎಂದಳು ಅಸೀಲಾ. "ಬಾಬಾ ಫೋನಿಗೆ. ಅವರು ಫೋನಲ್ಲಿ ತೆಗ್ದಿದ್ದೆಲ್ಲ ತಾನಾಗೇ ಇಲ್ಲಿಗೂ ಬರ್ಲಿ ಅಂತ."

"ಬರೋದು ಮಾತ್ರ ಅಲ್ಲ ಮಗಳೇ. ಎರಡು ಕಡೇನೂ ಒಂದೇ ಥರ ಇಡೋದು ಇದರ ಕೆಲ್ಸ. ಫೋನು ಈ ಮನೆ ವೈಫೈ ಹತ್ರ ಬಂದ್ರೆ ಸಾಕು, ಮೊದಲಿಂದ ಕೊನೆವರ್ಗೂ ಒಂದೊಂದೇ ಕಡತ ತೆಗ್ದು ತಾಳೆ ನೋಡುತ್ತೆ. ನಿಮ್ಮಪ್ಪ ಎಷ್ಟು ಸಾವಿರ ಟ್ಯಾಂಕರ್ ಫೋಟೋ ತೆಗ್ದಿದಾನೋ ಪುಣ್ಯಾತ್ಮ! ಮುದಿ ಮಷೀನು, ಏದುಸಿರು ಬಿಡ್ದೆ ಇನ್ನೇನು ಮಾಡುತ್ತೆ? ಈಗ ಫೋನು ಎಲ್ಲಿದೆ?"

"ಮಸೀದಿ ಗುಡ್ಸೋನ ಹತ್ರ" ಎಂದಳು ಘಾಲಿಯಾ.

ರಯ್ಯಾ ಎದ್ದು ಕಿಟಕಿಯ ಪರದೆ ಸರಿಸಿದಳು. ಓಣಿಯ ಅಗಲ ನಾಲ್ಕು ಹೆಜ್ಜೆ. ಆಚೆಗೆ ಮಸೀದಿಯ ಗೋಡೆ, ಗೋಡೆಯಲ್ಲೊಂದು ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ಚಾರ್ಜರ್ ವೈರು ಜೋತಾಡುತ್ತಿತ್ತು. ಮೊತಾಲೇಬ್ ವಾಸವಿದ್ದದ್ದು ಮೀನುಪೇಟೆಯ ಹಿಂದೆ. ಐದು ಹೊತ್ತೂ ಬಾಗಿಲು ತೆಗೆಯಲು, ಚಾಪೆ ಹಾಸಲು ಬರುತ್ತಿದ್ದ. ಬಂದವನು ಫೋನನ್ನು ಆ ಕಟ್ಟೆಯ ಮೇಲೆ ಚಾರ್ಜಿಗೆ ಇಡುತ್ತಿದ್ದ. ಅಲ್ಲಿಂದ ಅದು ಹಳೆಯ ಮನೆಯನ್ನು ಗುರುತು ಹಿಡಿಯುತ್ತಿತ್ತು. ಭೂತದ ಕತೆ ಅಲ್ಲಿಗೆ ಮುಗಿಯಿತು.

"ಅಂದ್ರೆ ಆ ಕೂಸಿನ ಫೋಟೋ..." ಎಂದು ಅಸೀಲಾ ಅರ್ಧಕ್ಕೆ ನಿಲ್ಲಿಸಿದಳು.

"ಅವನ ಕೂಸು. ನೀನು ಇಲ್ಲಿ ಅಳಿಸಿದೆ, ಅದು ಅಲ್ಲೂ ಅಳಿಸ್ತು."

ಅಸೀಲಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಯ್ಯಾ ಅವಳನ್ನು ಬೈಯಲಿಲ್ಲ. ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಟ್ಟುಕೊಳ್ಳುವ ಪಟ್ಟಿಯನ್ನು ತೆಗೆದು ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. "ಅವನೂ ಅಳಿಸಿದಾನೆ. ಫೋಟೋ ಅಲ್ಲ. ಧ್ವನಿ ಕಡತ. ಅರವತ್ತೆರಡು ಇದ್ದವು. ದಿನಕ್ಕೆ ಒಂದು, ಎರಡು ಅಂತ ಹೋಗಿವೆ. ಏನು ಅವು?"

ಅಸೀಲಾ ತಾಯಿಯ ಕಡೆ ನೋಡಲಿಲ್ಲ. "ಬಾಬಾ ಸಾಮಾನಿನ ಪಟ್ಟಿ. ಬರಿಯೋಕೆ ಕೈ ಓಡಲ್ಲ, ಹೇಳಿದ್ದು ಮರ್ತುಹೋಗುತ್ತೆ, ಯಮ್ಮಾ ಬೈತಾಳೆ ಅಂತ ನಾನೇ ಕಲ್ಸಿದ್ದೆ. ಟ್ಯಾಂಕರಲ್ಲಿ ಕೂತ್ಕೊಂಡು ಹೇಳಿ ಇಟ್ಕೋತಿದ್ರು. ನಿಂಗೆ ಹೇಳ್ಬೇಡ ಅಂದಿದ್ರು ಯಮ್ಮಾ, ನೀನು ನಗ್ತೀಯ ಅಂತ."

ಘಾಲಿಯಾ ಕೇಳಿದ್ದು ಒಂದೇ ಮಾತು. "ಅವನ ದನಿ ಅದರಲ್ಲಿತ್ತಾ?"

"ಇತ್ತು."

"ಇಲ್ಲೇ ಇತ್ತಾ? ಈ ಡಬ್ಬದಲ್ಲಿ?"

"ಹೂಂ."

ಮೂರು ತಿಂಗಳು ಅವಳು ದಿನಾ ಬೆಳಿಗ್ಗೆ ಬಟ್ಟೆಯಿಂದ ಒರೆಸಿದ ಡಬ್ಬ ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಕೈಯಲ್ಲಿದ್ದದ್ದೇ ಗೊತ್ತಿರಲಿಲ್ಲ.

"ಒಂದು ಉಳಿದಿದೆ" ಎಂದಳು ರಯ್ಯಾ, ಮೆತ್ತಗೆ. ಗಡಿಯಾರ ನೋಡಿದಳು. ಇಳಿಹೊತ್ತಿನ ಅಸರ್ ನಮಾಜಿಗೆ ಹತ್ತು ನಿಮಿಷ ಇತ್ತು. ಮೊತಾಲೇಬ್ ಬಂದು ಫೋನು ಕಟ್ಟೆಯ ಮೇಲಿಟ್ಟರೆ ಅದೂ ಹೋಗಬಹುದು. ಅವಳು ಎರಡನೆಯ ಯೋಚನೆ ಮಾಡದೆ ವೈಫೈ ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕಿತ್ತಳು, ಉಳಿದ ಕಡತವನ್ನು ಬೇರೆ ಕಡೆಗೆ ನಕಲು ಮಾಡಿದಳು, ಸ್ಪೀಕರಿನ ದನಿ ಪೂರ್ತಿ ಏರಿಸಿದಳು.

ಒಂಬತ್ತು ಸೆಕೆಂಡು. ಎಂಜಿನ್ನಿನ ಗುರ್ರ್ ಸದ್ದು. ತಿರುವಿಗೆ ಹಾಕಿದ ದೀಪದ ಟಿಕ್ ಟಿಕ್. ಬಟ್ಟೆ ಉಜ್ಜಿದ ಹಾಗೆ ಏನೋ. ದೂರದಲ್ಲೊಂದು ಹಾರ್ನ್. ಜೇಬಿನಲ್ಲಿ ಕೈ ತಗಲಿ ತಾನಾಗೇ ಶುರುವಾದದ್ದಿರಬೇಕು. ಮಾತಿರಲಿಲ್ಲ. ಮೂರು ಸಲ ಹಾಕಿದರು, ಮೂರು ಸಲವೂ ಇರಲಿಲ್ಲ.

"ಆಯ್ತು ಬಿಡು" ಎಂದಳು ಘಾಲಿಯಾ.

ಅಸೀಲಾ ಅತ್ತಳು. "ಆ ಫೋನನ್ನೇ ವಾಪಸ್ ಕೇಳೋಣ ಯಮ್ಮಾ. ಹೊಸದು ಕೊಡ್ಸಿ ಇದನ್ನ ತಗೊಳ್ಳೋಣ. ಅದರಲ್ಲಿ ಇನ್ನೂ ಎಲ್ಲಾದ್ರೂ ಇರ್ಬೋದು."

"ನಿಮ್ಮಪ್ಪನ ಹೆಸ್ರಲ್ಲಿ ಕೊಟ್ಟಿದ್ದು. ಕೊಟ್ಟ ದಾನ ತಿರುಗಿ ಕೇಳೋದೂ ಒಂದೇ, ನಾಯಿ ತಾನು ಕಕ್ಕಿದ್ದು ತಾನೇ ತಿನ್ನೋದೂ ಒಂದೇ. ದುಡ್ಡು ಕೊಟ್ಟು ಕೊಂಡ್ರೂ ಅಷ್ಟೆ." ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ನೋವಾಗಬೇಕಿತ್ತು ಎಂಬುದು ಅವಳಿಗೂ ಗೊತ್ತಿತ್ತು. ಎಲ್ಲಿ ಆಗಬೇಕೋ ಅಲ್ಲಿ ಮನಸ್ಸಿನಲ್ಲೇ ಮುಟ್ಟಿ ನೋಡಿಕೊಂಡಳು. ಆಮೇಲೆ ಬೇರೆಯದನ್ನು ಕೇಳಿದಳು: "ಆ ಕೂಸಿನ ಫೋಟೋ ಸಿಗುತ್ತಾ?"

ರಯ್ಯಾ ಅವಳ ಮುಖವನ್ನೇ ನೋಡಿದಳು. "ಬುಟ್ಟಿ ಖಾಲಿ ಮಾಡಿ ಎಷ್ಟು ದಿನ ಆಯ್ತು?"

"ನಾಲ್ಕು" ಎಂದಳು ಅಸೀಲಾ.

"ಅಳಿಸಿದ್ದು ಅಂದ್ರೆ ಹರಿದು ಎಸೆದದ್ದಲ್ಲ. ಹೆಸರು ಮಾತ್ರ ಹೊಡೆದು ಹಾಕಿರುತ್ತೆ; ಆ ಜಾಗಕ್ಕೆ ಬೇರೆದು ಬಂದು ಕೂತ್ರೆ ಹೋಯ್ತು. ನೋಡೋಣ."

"ಹಾಗಾದ್ರೆ ಬಾಬಾ ದನಿನೂ..."

"ಅವು ಹೋಗಿ ತುಂಬ ದಿನ ಆಗಿದೆ ಮಗಳೇ. ಅದರ ಮೇಲೆ ನೀನು ವೈರಸ್ ಹುಡುಕೋದು, ಮಣ್ಣು ಮಸಿ ಅಂತ ಏನೇನು ತಂದು ತುಂಬಿದೀಯ. ಹುಡುಕ್ತೀನಿ. ಆಸೆ ಇಟ್ಕೋಬೇಡಿ."

ಅವಳು ತನ್ನ ಚೀಲದಿಂದ ಒಂದು ಪ್ರೋಗ್ರಾಂ ಹಾಕಿ ಹುಡುಕಲು ಬಿಟ್ಟಳು. ಹೊರಗೆ ಆಜಾನ್ ಕೂಗಿತು. ಮೂವರೂ ನಮಾಜು ಮಾಡಿ ಬಂದು ಮತ್ತೆ ಕೂತರು. ಕಂಪ್ಯೂಟರ್ ಆ ಹೊತ್ತಿಗೆ ಮೊದಲ ಸಲ ಏದುಸಿರು ಬಿಡದೆ ಓಡುತ್ತಿತ್ತು, ಯಾರೂ ಅದನ್ನು ಗಮನಿಸಲಿಲ್ಲ. ಖಲ್ಫಾನನ ದನಿ ಒಂದೂ ಸಿಗಲಿಲ್ಲ. ಹತ್ತೊಂಬತ್ತು ಫೋಟೋಗಳಲ್ಲಿ ನಾಲ್ಕು ಸಿಕ್ಕವು. ಮೂರು ಪೂರ್ತಿ. ನಾಲ್ಕನೆಯದರಲ್ಲಿ ಕೂಸಿನ ಮುಖ, ಹಣೆಯ ಪಕ್ಕಕ್ಕೆ ಇಟ್ಟ ಕಾಡಿಗೆ ಬೊಟ್ಟು, ಗಲ್ಲದವರೆಗೆ ಇತ್ತು. ಅದರ ಕೆಳಗೆ ಬರೀ ಬೂದು ಬಣ್ಣ.

ರಯ್ಯಾ ಅವನ್ನು ಒಂದು ಸಣ್ಣ ಕಾರ್ಡಿಗೆ ಹಾಕಿದಳು. ಕೊನೆಗೆ ಪ್ರೋಗ್ರಾಂ ತೆಗೆದು ಖಲ್ಫಾನನ ಫೋನಿನ ಹೆಸರಿನ ಮೇಲೆ ನಿಲ್ಲಿಸಿದಳು. "ಇದನ್ನ ಪಟ್ಟಿಯಿಂದ ತೆಗೀತೀನಿ. ಇನ್ನು ಮೇಲೆ ಅದು ಬಂದ್ರೂ ಕಂಪ್ಯೂಟರ್ ಗುರುತು ಹಿಡಿಯಲ್ಲ. ತೆಗೀಲಾ?"

"ತೆಗಿ."

ತೆಗೆದಳು. ವೈಫೈಯ ಗುಟ್ಟಿನ ಪದವನ್ನೂ ಬದಲಾಯಿಸಿ, ಏಲಕ್ಕಿ ಬಾಯಿಗೆ ಹಾಕಿಕೊಂಡು ಹೊರಟಳು.

ಮಸೀದಿ ಖಾಲಿಯಾದ ಮೇಲೆ ಅಸೀಲಾ ಓಣಿಗೆ ಹೋಗಿ ಮೊತಾಲೇಬನನ್ನು ಬಾಗಿಲ ಬಳಿ ಕರೆತಂದಳು. ಘಾಲಿಯಾ ಒಳಗೆ, ಅರೆ ಮುಚ್ಚಿದ ಬಾಗಿಲಿನ ಹಿಂದೆ ನಿಂತಳು. ಅಗತ್ಯದ ಮಾತಿಗೆ ಅಷ್ಟು ಅಡ್ಡಿಯಿಲ್ಲ. ಮಗಳ ಕೈಯಲ್ಲಿ ಕಾರ್ಡು ಕೊಡಿಸಿ, ಆದದ್ದನ್ನೆಲ್ಲ ತಾನೇ ಹೇಳಿದಳು. ತಪ್ಪು ನಮ್ಮದು ಎಂದಳು.

ಮೊತಾಲೇಬ್ ಕಾರ್ಡನ್ನು ಫೋನಿಗೆ ಹಾಕಿ ನೋಡಿದ. ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದ.

"ಇದು ನನ್ನ ಮಗಳು, ಮಾಮಾ. ನಾನು ಇನ್ನೂ ನೋಡಿಲ್ಲ. ನನ್ನ ತಮ್ಮ ಊರಿಂದ ತಂದ ಫೋಟೋ." ಮನೆಯೊಡತಿಯನ್ನು ಮಾಮಾ ಎಂದು ಕರೆಯುವುದು ಇಲ್ಲಿನ ಕೆಲಸಗಾರರ ರೂಢಿ; ಅವನ ಮುರುಕು ಮಾತು ನಿಧಾನಕ್ಕೆ ಬಂತು. "ಎಲ್ಲಾ ಹೋಯ್ತಲ್ಲ, ಆವಾಗ ನಾನು ಅಂದ್ಕೊಂಡೆ, ಇದು ಸತ್ತವರ ಫೋನು, ನನ್ನ ಮಗಳನ್ನ ಇದರಲ್ಲಿ ಇಡ್ಬಾರ್ದಿತ್ತು ಅಂತ. ಈಗ ಸಿಕ್ತು. ಮುಖ ಇದೆ. ಸಾಕು ಮಾಮಾ."

"ನೀನೂ ಅಳಿಸಿದೀಯಲ್ಲ" ಎಂದಳು ಘಾಲಿಯಾ. ಆರೋಪವಲ್ಲ, ಕೇಳಬೇಕಿತ್ತು, ಕೇಳಿದಳು. "ಅದರಲ್ಲಿ ಮಾತು ಇತ್ತು."

"ಅರ್ಬಾಬನ ಮಾತು? ಯಜಮಾನರ ಸಾಮಾನು?" ಅವನ ದನಿ ಗೆಲುವಾಯಿತು. "ನಾನು ಅದರಲ್ಲೇ ನಿಮ್ಮ ಭಾಷೆ ಕಲ್ತೆ ಮಾಮಾ! ಗುಡಿಸ್ತಾ ಗುಡಿಸ್ತಾ ಕೇಳ್ತಿದ್ದೆ. ಒಂದು ಬಾಯಿಪಾಠ ಆದ್ರೆ ಅದನ್ನ ತೆಗ್ದುಬಿಡೋದು, ಇನ್ನೊಂದು ಶುರು. ಈಗ ಅಂಗಡಿಯೋನು ನನಗೆ ಮೋಸ ಮಾಡೋಕಾಗಲ್ಲ. ಅರ್ಬಾಬ್ ಹೇಳಿದ ಹಾಗೇ ಹೇಳ್ತೀನಿ."

ಘಾಲಿಯಾ ಬಾಗಿಲಿನ ಅಂಚು ಹಿಡಿದುಕೊಂಡಳು. "ಹೇಳು ನೋಡೋಣ."

ಮೊತಾಲೇಬ್ ಕಸಬರಿಕೆಯನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಂತ. ಮೊದಲು ಗಂಟಲು ಸರಿಮಾಡಿಕೊಂಡ. ಅದೂ ಪಟ್ಟಿಯದೇ ಭಾಗ, ಈ ನಾಡಿನವರು ಸಾಮಾನು ಹೇಳುವುದೇ ಹೀಗೆ ಎಂದು ಅವನು ತಿಳಿದುಕೊಂಡಿದ್ದ. ಮುಂದಿನದು ಮುರುಕು ಮಾತಾಗಿರಲಿಲ್ಲ.

"ಹ್ಹೂಂಹ್. ಈರುಳ್ಳಿ ಎರಡು ಕಿಲೋ. ಹ್ಹೂಂಹ್. ಎಣ್ಣೆ, ಚಿಕ್ಕ ಡಬ್ಬಿ. ಹ್ಹೂಂಹ್. ಘಾಲಿಯಾ ಮಂಡಿಗೆ ಮುಲಾಮು, ಹಸಿರು ಮುಚ್ಚಳದ್ದು, ಅವಳು ಕೇಳಿಲ್ಲ, ಆದ್ರೂ ತಗೋ. ಹ್ಹೂಂಹ್. ಒಣನಿಂಬೆ ಅರ್ಧ ಕಿಲೋ. ಕಂದು. ಮರೀಬೇಡ ಕಣೋ ಖಲ್ಫಾನ್, ಮುದಿ ಕತ್ತೆ."

"ಕರಿದು!" ಘಾಲಿಯಾ ಕಿರುಚಿದಳು. ಓಣಿಯ ತುದಿಯವರೆಗೂ ಕೇಳಿಸಿತು. "ಕರಿದು ಅಂದಿದ್ದೆ! ಇಪ್ಪತ್ತಾರು ವರ್ಷ ಬಾಯಿ ಬಡ್ಕೊಂಡೆ, ಕರಿದು, ಕರಿದು ಅಂತ!"

ಮೊತಾಲೇಬ್ ಎರಡು ಹೆಜ್ಜೆ ಹಿಂದಕ್ಕೆ ಹೋದ. "ಫೋನಲ್ಲಿ ಕಂದು ಅಂತಾನೇ ಇತ್ತು ಮಾಮಾ. ಎಲ್ಲಾ ಸಲನೂ ಕಂದು."

ಅಂಗಡಿಯವನ ತಪ್ಪಲ್ಲ. ಬಾಗಿಲಿನಿಂದ ಟ್ಯಾಂಕರಿಗೆ ಹೋಗುವಷ್ಟರಲ್ಲೇ ಆ ಮನುಷ್ಯ ಕರಿಯದನ್ನು ಕಂದು ಮಾಡಿಕೊಂಡು, ಅದನ್ನು ಮರೆಯಬಾರದೆಂದು ಜೋಪಾನವಾಗಿ ಹೇಳಿ ಇಟ್ಟುಕೊಳ್ಳುತ್ತಿದ್ದ. ಘಾಲಿಯಾಗೆ ನಗು ಬಂತು. ನಗು ಅರ್ಧ ದಾರಿಯಲ್ಲಿ ಬೇರೆಯದಾಯಿತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲಕ್ಕೆ ಕೂತಳು, ಮಂಡಿಗೆ ಮುಖ ಒತ್ತಿ ಅತ್ತಳು. ಮೂರು ತಿಂಗಳಿನದು ಒಟ್ಟಿಗೆ ಬಂತು. ಸಂಕಟ ಇಷ್ಟು ನೋಯುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಅಸೀಲಾ ಓಡಿ ಬಂದು ತಬ್ಬಿಕೊಂಡಳು.

ಮೊತಾಲೇಬ್ ಕಸಬರಿಕೆ ಎತ್ತಿಕೊಂಡು ಹೋಗುವುದೋ ನಿಲ್ಲುವುದೋ ತಿಳಿಯದೆ ನಿಂತಿದ್ದ.

"ಹೋಗ್ಬೇಡಪ್ಪಾ" ಎಂದಿತು ಬಾಗಿಲಿನ ಹಿಂದಿನ ದನಿ. "ಇನ್ನೊಂದ್ಸಲ ಹೇಳು. ಈರುಳ್ಳಿಯಿಂದ."

ಅವನು ಗಂಟಲು ಸರಿಮಾಡಿಕೊಂಡ.